ತಿರುಗೋಕೆ ಎಷ್ಟು ಜಾಗ ಇದೆ?

2024ರ ಅಕ್ಟೋಬರ್‌ನಲ್ಲಿ ರಸಾಯನಶಾಸ್ತ್ರದ ನೊಬೆಲ್ ಘೋಷಣೆಯಾದ ದಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಸಣ್ಣ ಸಂಭ್ರಮವೇ ನಡೀತು. ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್, ಜಾನ್ ಜಂಪರ್. ಮೂವರಲ್ಲಿ ಇಬ್ಬರು ಗೂಗಲ್ ಡೀಪ್‌ಮೈಂಡ್‌ನವರು, ಅಂದ್ರೆ ಹೆಚ್ಚುಕಡಿಮೆ ನಮ್ಮ ಕಸುಬಿನವರು. "ಕೊನೆಗೂ ಕಂಪ್ಯೂಟರ್ ಬಯಾಲಜಿಗೆ ಕೈ ಹಾಕ್ತು ನೋಡು" ಅಂದ ಪಕ್ಕದ ಟೀಮಿನ ಹುಡುಗ, ಚಹಾ ಹೀರುತ್ತಾ.

"ಕೊನೆಗೂ" ಅನ್ನೋ ಆ ಮಾತಿಗೇ ನನ್ನ ತಕರಾರು. ಪ್ರೊಟೀನಿನ ಆಕಾರವನ್ನು ಲೆಕ್ಕ ಹಾಕಿ ಹಿಡಿಯೋ ಕೆಲಸ ಶುರುವಾಗಿ ಅಷ್ಟೊತ್ತಿಗೆ ಅರವತ್ತು ವರ್ಷ ದಾಟಿತ್ತು. ಅದರಲ್ಲಿ ಬಹಳ ಮುಖ್ಯವಾದ ಒಂದು ಲೆಕ್ಕ ನಡೆದದ್ದು ಮದರಾಸಿನಲ್ಲಿ, ಮೇಜಿನ ಮೇಲಿಡುವ ಕ್ಯಾಲ್ಕುಲೇಟರಿನಲ್ಲಿ. ಮಾಡಿದವರು ಮೂರು ಜನ. ಅವರಲ್ಲಿ ಹಿರಿಯರು ವಿಜ್ಞಾನ ಕಲಿತದ್ದೂ, ಕೊನೆಗೆ ಮರಳಿ ಬಂದದ್ದೂ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ.

ಜಿ. ಎನ್. ರಾಮಚಂದ್ರನ್ ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. ಅಪ್ಪ ಗಣಿತದ ಪ್ರೊಫೆಸರ್. 1942ರಲ್ಲಿ ಹುಡುಗ ಬೆಂಗಳೂರಿಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದೋಕೆ! ಭೌತಶಾಸ್ತ್ರ ವಿಭಾಗದಲ್ಲಿದ್ದ ಸಿ. ವಿ. ರಾಮನ್ ಕಣ್ಣಿಗೆ ಬಿದ್ದ. ಈ ಹುಡುಗ ನಿಮ್ಮ ವಿಭಾಗಕ್ಕೆ ಸ್ವಲ್ಪ ಹೆಚ್ಚೇ ಚುರುಕು ಅಂತ ಎಂಜಿನಿಯರಿಂಗಿನವರಿಗೆ ಹೇಳಿ ರಾಮನ್ ತಮ್ಮ ಕಡೆ ಎಳೆದುಕೊಂಡರು ಅನ್ನೋ ಕತೆ ಇವತ್ತಿಗೂ ಓಡಾಡ್ತಿದೆ. (ಎಂಜಿನಿಯರಿಂಗ್ ಓದಿದ ನಮಗೆ ಇದು ಕೇಳೋಕೆ ಅಷ್ಟೇನೂ ಹಿತವಾಗಿಲ್ಲ, ಇರಲಿ.) ಆಮೇಲೆ ಎರಡು ವರ್ಷ ಕೇಂಬ್ರಿಜ್, ವಾಪಸ್ ಬೆಂಗಳೂರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಕರೆಯಿತು. ಆಗ ಅವರಿಗಿನ್ನೂ ಮೂವತ್ತು.

ಅಲ್ಲಿಗೆ ಭೇಟಿ ಕೊಟ್ಟ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲಾಜೆನ್‌ನ ರಚನೆ ಇನ್ನೂ ಯಾರಿಗೂ ಸರಿಯಾಗಿ ಬಗೆಹರಿದಿಲ್ಲ ಅಂತ ಮಾತಿಗೆ ಅಂದ್ರು. ಕೊಲಾಜೆನ್ ಅಂದ್ರೆ ಚರ್ಮ, ಮೂಳೆ, ಸ್ನಾಯುರಜ್ಜು ಇವಕ್ಕೆಲ್ಲ ಬಿಗಿ ಕೊಡೋ ಪ್ರೊಟೀನ್. ಮದರಾಸಿನಲ್ಲೇ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಕಚ್ಚಾ ಸಾಮಗ್ರಿಗೆ ಇನ್ನೆಲ್ಲಿಗೆ ಹೋಗ್ಬೇಕು ಹೇಳಿ? ಅಲ್ಲಿಂದ ಸಿಕ್ಕಿದ್ದು ಕಾಂಗರೂ ಬಾಲದ ಸ್ನಾಯುರಜ್ಜು. ಅದಕ್ಕೆ ಎಕ್ಸ್-ರೇ ಹಾಯಿಸಿ ಬಂದ ಚುಕ್ಕಿಗಳನ್ನು ನೋಡಿ, ಗೋಪಿನಾಥ್ ಕರ್ತಾ ಜೊತೆ ಸೇರಿ 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ರಚನೆ ಪ್ರಕಟಿಸಿದರು: ಮೂರು ಎಳೆಗಳು ಒಟ್ಟಿಗಿರುವ ತ್ರಿಸುರುಳಿ. ಕೊಲಾಜೆನ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಗ್ಲೈಸೀನ್, ಅಮೈನೋ ಆಮ್ಲಗಳಲ್ಲೇ ಪುಟಾಣಿ. ಮೂರು ಎಳೆ ಒತ್ತಿಕೊಂಡಿರೋ ನಡುಭಾಗದಲ್ಲಿ ಅದಕ್ಕೆ ಮಾತ್ರ ಜಾಗ.

ಮರುವರ್ಷ ಅದನ್ನೇ ತಿದ್ದಿದರು. ಎಳೆಗಳು ಸುಮ್ನೆ ಪಕ್ಕಪಕ್ಕ ನಿಂತಿಲ್ಲ, ಹಗ್ಗ ಹೊಸೆದ ಹಾಗೆ ಒಂದನ್ನೊಂದು ಸುತ್ತಿಕೊಂಡಿವೆ. ಚಂದ್ರ ಭೂಮಿಯನ್ನು ಸುತ್ತುತ್ತಾ ಯಾವಾಗಲೂ ಒಂದೇ ಮುಖ ತೋರಿಸುತ್ತಾನಲ್ಲ, ಹಾಗೆ ಪ್ರತಿ ಎಳೆಯೂ ಗ್ಲೈಸೀನಿನ ಮುಖವನ್ನೇ ಒಳಗಿಟ್ಟುಕೊಂಡು ಸುತ್ತುತ್ತದೆ. ಚಂದ್ರನ ಈ ಹೋಲಿಕೆ ರಾಮಚಂದ್ರನ್ ಅವರದ್ದೇ.

ಆಮೇಲೆ ಬಿತ್ತು ಪೆಟ್ಟು. 1955ರ ಕೊನೆಗೆ ಅದೇ ನೇಚರ್‌ನಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮ ರಚನೆ ಪ್ರಕಟಿಸಿದರು. ಹೌದು, ಡಿಎನ್‌ಎಯ ಅದೇ ಕ್ರಿಕ್. ಮೂರು ಎಳೆಯ ಸುರುಳಿ ಅನ್ನೋದಕ್ಕೆ ಅವರೂ ಒಪ್ಪಿದ್ದರು. ಆದರೆ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ, ಪ್ರತಿ ಮೂರು ಘಟಕಕ್ಕೆ ಎರಡು ಹೈಡ್ರೋಜನ್ ಬಂಧ ಅನ್ನೋದು ಸಾಧ್ಯವಿಲ್ಲ, ಒಂದೇ ಸಾಧ್ಯ ಅನ್ನೋದು ಅವರ ವಾದ.

ನಾವಾಗಿದ್ರೆ ಏನು ಮಾಡ್ತಿದ್ವಿ? ಕೋಡ್ ರಿವ್ಯೂನಲ್ಲಿ ಹಿರಿಯರೊಬ್ಬರು ನಾಲ್ಕು ಜನರ ಮುಂದೆ ನಮ್ಮ ಕೆಲಸಕ್ಕೆ ಕಲ್ಲು ಹಾಕಿದರೆ ಒಂದು ವಾರ ಮುಖ ಊದಿಸಿಕೊಂಡಿರ್ತೀವಿ. ರಾಮಚಂದ್ರನ್ ತಿರುಗಿ ಕೇಳಿದ ಪ್ರಶ್ನೆ ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಇಷ್ಟ. "ಇರಬಾರದಷ್ಟು ಹತ್ತಿರ" ಅಂತೀರಲ್ಲ, ಇರಬಹುದಾದಷ್ಟು ಹತ್ತಿರ ಅಂದ್ರೆ ಎಷ್ಟು? ಯಾರು ಅಳೆದಿದ್ದಾರೆ?

ಒಂದೇ ಕಡೆ ಕೂಡಿಸಿ ಅಳೆದಿಟ್ಟ ಉತ್ತರ ಇರಲಿಲ್ಲ. ಹಾಗಾಗಿ ವಿ. ಶಶಿಶೇಖರನ್ ಜೊತೆ ಸೇರಿ, ಆಗ ಪ್ರಕಟವಾಗಿದ್ದ ಅಮೈನೋ ಆಮ್ಲ, ಪೆಪ್ಟೈಡ್‌ಗಳ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿದರು. ಯಾವ ಪರಮಾಣು ಯಾವುದಕ್ಕೆ ಎಷ್ಟು ಹತ್ತಿರ ಬಂದಿದೆ ಅಂತ ಪಟ್ಟಿ. ಇಂಗಾಲ-ಇಂಗಾಲ ಆದರೆ ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಮ್, ತೀರಾ ಒತ್ತಿದರೆ 3.0. ಹೈಡ್ರೋಜನ್-ಹೈಡ್ರೋಜನ್ 2.0, ತೀರಾ ಅಂದ್ರೆ 1.9. ಹೀಗೆ ಪ್ರತಿ ಜೋಡಿಗೂ ಎರಡು ಗಡಿ, ಒಂದು ಬಿಗಿ, ಒಂದು ಸಡಿಲ. ಒಂದು ಆಂಗ್‌ಸ್ಟ್ರಾಮ್ ಅಂದ್ರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು.

ಈಗ ಸ್ವಲ್ಪ ಜ್ಯಾಮಿತಿ, ಹೆದರಬೇಡಿ. ಪ್ರೊಟೀನ್ ಅಂದ್ರೆ ಅಮೈನೋ ಆಮ್ಲಗಳ ಸರ. ಎರಡು ಮಣಿ ಕೂಡೋ ಕಡೆಯ ಪೆಪ್ಟೈಡ್ ಬಂಧ ಬಾಗೋದಿಲ್ಲ, ಇಸ್ಪೀಟ್ ಎಲೆಯ ಹಾಗೆ ಚಪ್ಪಟೆ. 1951ರಲ್ಲಿ ಲೈನಸ್ ಪೌಲಿಂಗ್, ರಾಬರ್ಟ್ ಕೋರಿ ಆಲ್ಫಾ ಸುರುಳಿಯನ್ನು ಕಂಡುಹಿಡಿದದ್ದೂ ಇದೇ ಚಪ್ಪಟೆತನವನ್ನು ನಂಬಿ. ಎರಡು ಎಲೆ ಒಂದು ಮೂಲೆಯಲ್ಲಿ ಕೂಡುತ್ತವೆ, ಅಲ್ಲೊಂದು ಇಂಗಾಲ. ಆ ಇಂಗಾಲದ ಆಚೆ ಒಂದು ತಿರುವು, ಈಚೆ ಒಂದು ತಿರುವು. ಇವಕ್ಕೆ ಇವತ್ತು ಫೈ, ಸೈ ಅಂತ ಹೆಸರು. ಒಂದೊಂದು ಜೋಡಣೆಗೂ ಈ ಎರಡು ಸಂಖ್ಯೆ ಕೊಟ್ಟರೆ ಸಾಕು, ಸರದ ಬೆನ್ನೆಲುಬು ಹೇಗೆ ಬಾಗಿದೆ ಅಂತ ಹೆಚ್ಚುಕಡಿಮೆ ಹೇಳಿಬಿಡಬಹುದು. ಎಷ್ಟೋ ಪರಮಾಣುಗಳ ಗೋಜಲು ಎರಡು ಕೋನಕ್ಕೆ ಇಳಿದುಬಿಟ್ಟಿತು.

ಕೋನ ಎರಡು, ಒಂದೊಂದೂ 360 ಡಿಗ್ರಿ. ಹಾಗಾದ್ರೆ ಹೇಗೆ ಬೇಕಾದ್ರೂ ತಿರುಗಬಹುದಾ? ಬೆಳಿಗ್ಗೆ ಒಂಬತ್ತು ಗಂಟೆಗೆ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಿನಲ್ಲಿ ನಿಂತವರನ್ನು ಕೇಳಿ. ಭುಜದ ಕೀಲು ಎಲ್ಲಾ ಕಡೆಗೂ ತಿರುಗುತ್ತೆ ನಿಜ, ಮೊಣಕೈ ಎತ್ತಿದ್ರೆ ಪಕ್ಕದವರ ಮೂಗು. ಪರಮಾಣುಗಳಿಗೂ ಅದೇ ಪಾಡು. ಒಂದು ಎಲೆಯನ್ನು ಸ್ವಲ್ಪ ತಿರುಗಿಸಿದರೆ ಅದರ ಆಮ್ಲಜನಕ ಹೋಗಿ ಆಚೆಯ ಹೈಡ್ರೋಜನ್‌ಗೆ ಡಿಕ್ಕಿ.

ಎಲ್ಲೆಲ್ಲಿ ಡಿಕ್ಕಿ, ಎಲ್ಲೆಲ್ಲಿ ಖಾಲಿ? ಸಿ. ರಾಮಕೃಷ್ಣನ್ ಕೂಡ ಈ ಕೆಲಸಕ್ಕೆ ಸೇರಿದರು. ಮಾಡಬೇಕಾದ್ದು ಇಷ್ಟು: ಎರಡು ಕೋನ ಆರಿಸು, ಸೈನ್ ಕೋಸೈನ್ ಹಾಕಿ ಪ್ರತಿ ಪರಮಾಣು ಎಲ್ಲಿ ಬರುತ್ತೆ ಕಂಡುಹಿಡಿ, ಜೋಡಿ ಜೋಡಿಯಾಗಿ ದೂರ ತೆಗೆ, ಪಟ್ಟಿಗೆ ಹೋಲಿಸು. ಒಂದೇ ಒಂದು ಜೋಡಿ ಗಡಿ ದಾಟಿದರೂ ಆ ಚುಕ್ಕಿ ರದ್ದು. ಮುಂದಿನ ಕೋನ. ಸುಮ್ನೆ ಅಂದಾಜಿಗೆ, ಹತ್ತತ್ತು ಡಿಗ್ರಿಗೆ ಒಂದು ಚುಕ್ಕಿ ಅಂತ ಇಟ್ಟುಕೊಂಡರೂ 36 ಗುಣಿಸು 36, ಅಂದ್ರೆ 1296 ಚುಕ್ಕಿ. ಒಂದೊಂದಕ್ಕೂ ಇಪ್ಪತ್ತು ದೂರ ಅಂದ್ರೆ ಇಪ್ಪತ್ತೈದು ಸಾವಿರ ದಾಟುತ್ತೆ. ಪ್ರತಿ ದೂರಕ್ಕೂ ಮೂರು ವರ್ಗ, ಒಂದು ಕೂಡುವಿಕೆ, ಒಂದು ವರ್ಗಮೂಲ. ಕೆಲವು ದೂರಗಳು ಒಂದೇ ಕೋನದ ಮೇಲೆ ನಿಂತಿರ್ತವೆ, ಅಲ್ಲಷ್ಟು ಉಳಿತಾಯ. ಮಿಕ್ಕಿದ್ದೆಲ್ಲ ಕ್ಯಾಲ್ಕುಲೇಟರಿನ ಗುಂಡಿ ಒತ್ತಿ, ಕಾಗದದ ಮೇಲೆ ಬರೆದು, ಮತ್ತೆ ಗುಂಡಿ ಒತ್ತಿ.

ಒಂದು ಭಾನುವಾರ ಕೂತು ನಾನೂ ಇದನ್ನು ಪೈಥಾನ್‌ನಲ್ಲಿ ಬರೆದು ನೋಡಿದೆ. ಮೊದಲ ಸಲ ಚಿತ್ರದ ತುಂಬ ಚೆಲ್ಲಾಪಿಲ್ಲಿ ಚುಕ್ಕಿ. ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸೋದು ಮರೆತಿದ್ದೆ. ಸರಿ ಮಾಡಿ ಓಡಿಸಿದರೆ ಚಹಾ ಕಾಯೋಷ್ಟರಲ್ಲಿ ಉತ್ತರ ಬಂತು: ಖಾಲಿ ಸಮುದ್ರದ ನಡುವೆ ಮೂರು ದ್ವೀಪ. ಎಡಕ್ಕೆ ಮೇಲೊಂದು, ಎಡಕ್ಕೆ ಕೆಳಗೊಂದು, ಬಲಕ್ಕೊಂದು ಚಿಕ್ಕದು. ನನಗೆ ಒಂದು ತಪ್ಪು ಗೊತ್ತಾಗೋಕೆ ಅರ್ಧ ನಿಮಿಷ ಸಾಕಾಯ್ತು. ಅವರು ಎಲ್ಲೋ ಒಂದು ಚಿಹ್ನೆ ತಪ್ಪಿದ್ದರೆ ಎಷ್ಟು ದಿನದ ಕೆಲಸ ಹೋಗ್ತಿತ್ತೋ!

1963ರಲ್ಲಿ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಮೂವರ ಹೆಸರಲ್ಲಿ ಲೇಖನ ಬಂತು. ಐದೇ ಪುಟ. ಸಡಿಲ ಗಡಿ ಇಟ್ಟುಕೊಂಡರೂ ಒಟ್ಟು ಚೌಕದ ಕಾಲು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಮಾತ್ರ ಸರ ನಿಲ್ಲಬಲ್ಲದು, ಮಿಕ್ಕಿದ್ದೆಲ್ಲ ನಿಷಿದ್ಧ. ಪೌಲಿಂಗ್‌ನ ಆಲ್ಫಾ ಸುರುಳಿ ಒಂದು ದ್ವೀಪದಲ್ಲಿ, ಬೀಟಾ ಹಾಳೆಗಳು ಇನ್ನೊಂದರಲ್ಲಿ. ಜಾನ್ ಕೆಂಡ್ರೂ ಆಗಷ್ಟೇ ಬಿಡಿಸಿದ್ದ ಮಯೋಗ್ಲೋಬಿನ್‌ನ ಸುರುಳಿಗಳ ಕೋನಗಳೂ ತಮ್ಮ ದ್ವೀಪಕ್ಕೇ ಬಂದು ಬಿದ್ದವು. ಒಂದು ಪ್ರೊಟೀನನ್ನೂ ಮುಟ್ಟದೆ, ಸಣ್ಣ ಅಣುಗಳ ಅಳತೆಯಿಂದ ಮಾತ್ರ ಹಾಕಿದ ಲೆಕ್ಕ ಇದು.

ಈಗ ಕೊಲಾಜೆನ್‌ನ ಜಗಳ ಏನಾಯ್ತು ಅಂತ ಹೇಳಲೇಬೇಕು, ಇಲ್ಲಾಂದ್ರೆ ನಮ್ಮೋರ ಭಜನೆ ಆಗುತ್ತೆ. ಬಂಧದ ವಿಷಯದಲ್ಲಿ ರಿಚ್, ಕ್ರಿಕ್ ಹೇಳಿದ್ದೇ ಸರಿ ಇತ್ತು. ಎಳೆಗಳ ನಡುವೆ ನೇರ ಹೈಡ್ರೋಜನ್ ಬಂಧ ಮೂರು ಘಟಕಕ್ಕೆ ಒಂದೇ. 1968ರಲ್ಲಿ ರಾಮಚಂದ್ರನ್ ಮತ್ತು ಆರ್. ಚಂದ್ರಶೇಖರನ್ ತಮ್ಮ ಎರಡನೇ ಬಂಧವನ್ನು ಬಿಡದೆ, ಅದು ನಡುವೆ ಕೂತ ನೀರಿನ ಅಣುವಿನ ಮೂಲಕ ಆಗಿರಬಹುದು ಅಂದರು. 1994ರಲ್ಲಿ ಹೆಲೆನ್ ಬರ್ಮನ್ ಅವರ ತಂಡ ಕೊಲಾಜೆನ್ ಮಾದರಿಯ ಪೆಪ್ಟೈಡ್ ಒಂದರ ಸ್ಫಟಿಕವನ್ನು ಸ್ಪಷ್ಟವಾಗಿ ನೋಡಿದಾಗ ಅಲ್ಲಿ ನೇರ ಬಂಧವೂ ಇತ್ತು, ನೀರಿನ ಸೇತುವೆಗಳೂ ಇದ್ದವು. ಯಾರಿಗೆ ಎಷ್ಟು ಅಂಕ ಅಂತ ನೀವೇ ಹಾಕಿ. ನನಗನ್ನಿಸೋದು, ಆ ಟೀಕೆ ಬರದೆ ಇದ್ದಿದ್ದರೆ ಆ ದೂರಗಳ ಪಟ್ಟಿಯೂ ಹುಟ್ಟುತ್ತಿರಲಿಲ್ಲ, ನಕ್ಷೆಯೂ ಹುಟ್ಟುತ್ತಿರಲಿಲ್ಲ.

ರಾಮಚಂದ್ರನ್ 1970ರ ದಶಕದ ಹೊಸ್ತಿಲಲ್ಲಿ ಬೆಂಗಳೂರಿಗೆ ಮರಳಿ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಶಶಿಶೇಖರನ್, ರಾಮಕೃಷ್ಣನ್ ಇಬ್ಬರೂ ಅಲ್ಲಿಗೇ ಬಂದರು. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ ಅವರು ಬರೆದದ್ದು ಇನ್ನೊಂದು ಲೆಕ್ಕ: ಬೇರೆ ಬೇರೆ ದಿಕ್ಕಿನಿಂದ ತೆಗೆದ ಎಕ್ಸ್-ರೇ ನೆರಳುಗಳಿಂದ ಒಳಗಿನ ವಸ್ತುವನ್ನು ಮತ್ತೆ ಕಟ್ಟೋದು ಹೇಗೆ, ಅದೂ ಆಗಿನ ಕಂಪ್ಯೂಟರಿಗೆ ಭಾರವಾಗಿದ್ದ ಫೋರಿಯರ್ ಲೆಕ್ಕ ಇಲ್ಲದೆ. ಸಿಟಿ ಸ್ಕ್ಯಾನ್‌ನ ಗಣಿತದಲ್ಲಿ ಅವರಿಬ್ಬರ ಹೆಸರಿನ ತುಂಡು ಇವತ್ತಿಗೂ ಉಳಿದಿದೆ, ರ‍್ಯಾಮ್-ಲ್ಯಾಕ್ ಫಿಲ್ಟರ್ ಅಂತ. ಮುಂದೆ ಅವರು ತರ್ಕಶಾಸ್ತ್ರವನ್ನು ಮ್ಯಾಟ್ರಿಕ್ಸ್‌ಗಳಲ್ಲಿ ಬರೆಯೋ ಪ್ರಯತ್ನಕ್ಕೆ ಇಳಿದರು. ಅದು ನನಗೆ ಅರ್ಥವಾಗಿಲ್ಲ. 1977ರಲ್ಲಿ ರಾಯಲ್ ಸೊಸೈಟಿ ಫೆಲೋ ಆದರು, ನೊಬೆಲ್ ಬರಲಿಲ್ಲ. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ಸ್ ಕಾಡಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು, 2001ರ ಏಪ್ರಿಲ್‌ನಲ್ಲಿ ಅವರೂ ಹೋದರು, ಚೆನ್ನೈನಲ್ಲಿ.

ಮರುದಿನ ಕ್ಯಾಂಟೀನಿನ ಹುಡುಗನಿಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ಆಲ್ಫಾಫೋಲ್ಡ್ ಊಹಿಸಿದ ಒಂದು ಪ್ರೊಟೀನ್ ಇಳಿಸಿಕೊಂಡು ಅದರ ಕೋನಗಳನ್ನೆಲ್ಲ ಚೌಕದ ಮೇಲೆ ಹಾಕಿದೆ. ಆಲ್ಫಾಫೋಲ್ಡ್ ತನಗೆ ಖಚಿತ ಅನ್ನೋ ಭಾಗಗಳ ಚುಕ್ಕಿಗಳು 1963ರ ದ್ವೀಪಗಳ ಮೇಲೆ ಗುಂಪುಗುಂಪಾಗಿ ಕೂತಿದ್ದವು. ಗೊತ್ತಿಲ್ಲ ಅಂತ ಅದೇ ಒಪ್ಪಿಕೊಂಡ ಭಾಗಗಳ ಚುಕ್ಕಿಗಳಲ್ಲಿ ಕೆಲವು ಸಮುದ್ರಕ್ಕೆ ಬಿದ್ದಿದ್ದವು.

"ಇದಕ್ಕೆ ಏನಂತಾರೆ?" ಅಂದ.

"ರಾಮಚಂದ್ರನ್ ಪ್ಲಾಟ್."

"ಆ ಇನ್ನಿಬ್ಬರು?"

ಪ್ಲಾಟಿನ ಹೆಸರಲ್ಲಿ ಅವರಿಲ್ಲ. ಲೇಖನದ ತಲೆಯ ಮೇಲಿದ್ದಾರೆ, ತೆಗೆದು ತೋರಿಸಿದೆ.