ಭೋಗಭೂಮಿ ಮತ್ತು ಭವಾವಳಿ: ಮಾನ್ಯಖೇಟ ಪರಿಸರದ ಜೈನ ಪುರಾಣಗಳಲ್ಲಿ ಅಳಿದ ಯುಗ, ಅನಾದಿ ಜೀವ

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನಿಗೆ ಪೂಜ್ಯನಾಗಿದ್ದ ಜಿನಸೇನ ಸಂಸ್ಕೃತದಲ್ಲಿ ಆದಿಪುರಾಣವನ್ನು ಆರಂಭಿಸಿದ. ಶಿಷ್ಯ ಗುಣಭದ್ರ ಅದನ್ನು ಮುಗಿಸಿ ಉತ್ತರಪುರಾಣವನ್ನು ರಚಿಸಿದ. ರಾಷ್ಟ್ರಕೂಟರ ಸಾಮಂತ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ 941ರಲ್ಲಿ ಆದಿಪುರಾಣವನ್ನು ಕನ್ನಡದಲ್ಲಿ ಬರೆದ. ಮಂತ್ರಿ ಭರತನ ಆಶ್ರಯದಲ್ಲಿ ಪುಷ್ಪದಂತ ಮಾನ್ಯಖೇಟದಲ್ಲೇ 965ರಲ್ಲಿ ಅಪಭ್ರಂಶದ ಮಹಾಪುರಾಣವನ್ನು ಪೂರ್ತಿಗೊಳಿಸಿದ. ಈಗಿನ ಬದುಕಿಗೆ ಮೊದಲಿದ್ದ ಲೋಕ ಎಂಥದು, ಜೀವ ಎಲ್ಲಿಂದ ಬಂತು ಎಂಬ ಎರಡು ಪ್ರಶ್ನೆಗಳು ಈ ಪುರಾಣಗಳಲ್ಲಿ ಒಟ್ಟಿಗೆ ಬರುತ್ತವೆ. ಮೊದಲನೆಯದಕ್ಕೆ ಅಲ್ಲಿ ವಿವರವಾದ ಉತ್ತರವಿದೆ. ಎರಡನೆಯದರಲ್ಲಿ ‘ಎಲ್ಲಿಂದ’ ಎಂಬ ಮಾತನ್ನೇ ಅವು ಒಪ್ಪುವುದಿಲ್ಲ.

ಇಳಿಗಾಲವಾದ ಅವಸರ್ಪಿಣಿಯ ಆರು ಕಾಲಗಳಲ್ಲಿ ಮೊದಲ ಮೂರು ಭೋಗಭೂಮಿಯವು. ಆಗ ಮಕ್ಕಳು ಅವಳಿಗಳಾಗಿ ಹುಟ್ಟುತ್ತಿದ್ದರು. ಊಟ, ಉಡುಗೆ, ಮನೆ, ಬೆಳಕು ಎಲ್ಲವನ್ನೂ ಹತ್ತು ಬಗೆಯ ಕಲ್ಪವೃಕ್ಷಗಳು ಕೊಡುತ್ತಿದ್ದವು. ಮೂರನೆಯ ಕಾಲದ ಕೊನೆಗೆ ಜ್ಯೋತಿರಂಗ ಮರಗಳ ಬೆಳಕು ಕುಂದಿತು. ಆವರೆಗೆ ಆ ಬೆಳಕಿನಲ್ಲಿ ಮರೆಯಾಗಿದ್ದ ಸೂರ್ಯಚಂದ್ರರು ಮೊದಲ ಬಾರಿಗೆ ಕಂಡಾಗ ಜನ ಹೆದರಿದರು. ಜನರಿಗೆ ದಾರಿ ತೋರಿದ ಕುಲಕರರಲ್ಲಿ ಮೊದಲಿಗನಾದ ಪ್ರತಿಶ್ರುತಿ ಕಾರಣ ತಿಳಿಸಿ ಅವರ ಭಯ ಬಿಡಿಸಿದ. ಹದಿನಾಲ್ಕನೆಯ ಕುಲಕರ ನಾಭಿರಾಜನ ಮಗ, ಮೊದಲ ತೀರ್ಥಂಕರ ವೃಷಭನಾಥ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಕಲಿಸಿದ ಮೇಲೆ ಕರ್ಮಭೂಮಿ ನೆಲೆಗೊಂಡಿತು. ಈ ಬದಲಾವಣೆಯಲ್ಲಿ ಪ್ರಳಯವಿಲ್ಲ, ಮುಳುಗಡೆಯಿಲ್ಲ. ನೆಲ ಅದೇ ಭರತಕ್ಷೇತ್ರ, ಬದಲಾದದ್ದು ಕಾಲದ ಸತ್ವ. ಏರುಗಾಲವಾದ ಉತ್ಸರ್ಪಿಣಿಯಲ್ಲಿ ಭೋಗಭೂಮಿ ಮರಳುತ್ತದೆ. ಆದರೆ ಮೋಕ್ಷಸಾಧನೆ ಸಾಧ್ಯವಾಗುವುದು ದುಡಿಮೆಯ ಕರ್ಮಭೂಮಿಯಲ್ಲೇ ಆದುದರಿಂದ, ಕಳೆದ ಸುಖಕಾಲವನ್ನು ಪುರಾಣಗಳು ಪರಮ ಗುರಿಯಾಗಿ ಕಾಣುವುದಿಲ್ಲ.

ಜೀವವನ್ನು ಯಾರೂ ಸೃಷ್ಟಿಸಲಿಲ್ಲ, ಅದು ಅನಾದಿ. ಅದಿರಿನಲ್ಲಿ ಚಿನ್ನ ಕಲ್ಲಿನೊಡನೆ ಬೆರೆತಿರುವಂತೆ ಜೀವಕ್ಕೆ ಕರ್ಮದ ಬಂಧವೂ ಅನಾದಿ. ಪುಟಕ್ಕೆ ಹಾಕಿ ಚಿನ್ನವನ್ನು ಬೇರ್ಪಡಿಸುವಂತೆ ತಪಸ್ಸಿನಿಂದ ಆ ಬಂಧ ಬಿಡುತ್ತದೆ. ನಿಗೋದದ ಸೂಕ್ಷ್ಮಜೀವಿಗಳ ಸ್ಥಿತಿಯಿಂದ ಜೀವಗಳು ಮೇಲೇರುತ್ತವೆ ಎಂಬ ಮಾತಿದ್ದರೂ ಅದು ಹುಟ್ಟಿದ ತಾಣವಲ್ಲ, ಕೆಳಗಿನ ಮೆಟ್ಟಿಲು ಮಾತ್ರ.

ಮೊದಲಿಲ್ಲದ ಈ ಪಯಣವನ್ನು ಕಥೆಯಾಗಿಸುವುದು ಭವಾವಳಿ, ಅಂದರೆ ಜನ್ಮಗಳ ಸಾಲು. ವೃಷಭನಾಥನ ಜೀವ ಮಹಾಬಲ, ಲಲಿತಾಂಗದೇವ, ವಜ್ರಜಂಘ ಮೊದಲಾದ ಜನ್ಮಗಳನ್ನು ದಾಟಿ ಬಂದದ್ದು. ಅದರಲ್ಲಿ ವಜ್ರಜಂಘನ ಜನ್ಮದಲ್ಲಿ ಬರುವ ಶ್ರೀಮತಿಯ ಪ್ರಸಂಗ ಮುಖ್ಯ. ಹಿಂದಿನ ಜನ್ಮದಲ್ಲಿ ಆಕೆ ಲಲಿತಾಂಗನ ಪ್ರಿಯೆ ಸ್ವಯಂಪ್ರಭೆ. ದೇವತೆಗಳ ಸಂಚಾರ ಕಂಡು ಆಕೆಗೆ ಜಾತಿಸ್ಮರಣೆ, ಅಂದರೆ ಹಿಂದಿನ ಜನ್ಮದ ನೆನಪು, ಉಂಟಾಗಿ ಮೂರ್ಛೆ ಬರುತ್ತದೆ. ಆಕೆ ಆ ನೆನಪುಗಳನ್ನು ಪಟದಲ್ಲಿ ಬರೆದು ದಾದಿಯ ಕೈಯಲ್ಲಿ ಜಿನಾಲಯಕ್ಕೆ ಕಳಿಸುತ್ತಾಳೆ. ಚಿತ್ರವನ್ನು ನೋಡಿದ ವಜ್ರಜಂಘನಿಗೂ ಅದೇ ಜನ್ಮ ನೆನಪಾಗುತ್ತದೆ. ಹೀಗೆ ಒಬ್ಬಳ ಒಳಗಿನ ಅನುಭವಕ್ಕೆ ಮತ್ತೊಬ್ಬನ ಸ್ವತಂತ್ರ ನೆನಪು ಸಾಕ್ಷಿಯಾಗುತ್ತದೆ. ಜಾತಿಸ್ಮರಣೆ ಇಂದ್ರಿಯ ಮತ್ತು ಮನಸ್ಸಿನಿಂದ ಬರುವ ಮತಿಜ್ಞಾನದ ವ್ಯಾಪ್ತಿಯದು. ಇಂದ್ರಿಯಗಳ ನೆರವಿಲ್ಲದೆ ದೂರದ ವಸ್ತುಗಳನ್ನು ಅರಿಯುವ ಅವಧಿಜ್ಞಾನ ಅದಕ್ಕಿಂತ ಬೇರೆ.

ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ತೀರದ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಇದೇ ಪ್ರಶ್ನೆಗಳ ಬಗ್ಗೆ ಈ ಪುರಾಣಗಳಿಗಿಂತ ಹಳೆಯ ಬೌದ್ಧ ನಿಲುವು ಕಲ್ಲಿನಲ್ಲಿ ಉಳಿದಿದೆ. 1994ರಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ನಡೆಸಿದ ಉತ್ಖನನದಲ್ಲಿ ಸ್ತೂಪ, ಜಾತಕಕಥೆಗಳ ಉಬ್ಬುಶಿಲ್ಪಗಳು, ‘ರಾಯ ಅಸೋಕೋ’ ಎಂಬ ಬರಹವಿರುವ ಫಲಕ, ಶಾಕ್ಯಮುನಿಗಿಂತ ಹಿಂದಿನ ಬುದ್ಧರ ಮೂರ್ತಿಗಳು ದೊರೆತವು. ಬೌದ್ಧರು ನಿತ್ಯವಾದ ಆತ್ಮವನ್ನು ಒಪ್ಪುವುದಿಲ್ಲ. ಆದರೂ ಸಂಸಾರಕ್ಕೆ ಮೊದಲು ಕಾಣದು ಎಂಬಲ್ಲಿ ಅವರು ಜೈನರಿಗೆ ಹತ್ತಿರ.

ಅಳಿದ ಯುಗ, ಜೀವದ ಮೂಲಗಳ ವಿಷಯದಲ್ಲಿ ಆಧುನಿಕ ಗೂಢವಿದ್ಯೆಯ ದಾರಿ ಬೇರೆ. ಲೆಮೂರ್ ಪ್ರಾಣಿಗಳ ಹರಡುವಿಕೆಯನ್ನು ವಿವರಿಸಲು ಪ್ರಾಣಿವಿಜ್ಞಾನಿ ಫಿಲಿಪ್ ಸ್ಕ್ಲೇಟರ್ 1864ರಲ್ಲಿ ಊಹಿಸಿದ, ಮುಳುಗಿದ ಭೂಖಂಡವಾದ ಲೆಮೂರಿಯಾವನ್ನು ಥಿಯಾಸಫಿಯ ಪ್ರವರ್ತಕಿ ಬ್ಲಾವಟ್‌ಸ್ಕಿ 1888ರ ‘ದಿ ಸೀಕ್ರೆಟ್ ಡಾಕ್ಟ್ರಿನ್’ ಗ್ರಂಥದಲ್ಲಿ ಮೂರನೆಯ ಮೂಲಜನಾಂಗದ ನೆಲೆಯಾಗಿಸಿದರು. ನಾಲ್ಕನೆಯದಕ್ಕೆ ಅಟ್ಲಾಂಟಿಸ್ ನೆಲೆಯಾಯಿತು. ಥಿಯಾಸಫಿಯಲ್ಲಿ ಜೀವಗಳು ಒಂದೇ ಮೂಲದಿಂದ ಹೊಮ್ಮಿ ಅಲ್ಲಿಗೇ ಮರಳುತ್ತವೆ. ಜೈನ ಪುರಾಣಗಳಲ್ಲಿ ಅನಂತ ಜೀವಗಳು ಎಂದೆಂದಿಗೂ ಬೇರೆಬೇರೆ. ಮುಕ್ತಿಯ ನಂತರವೂ ಒಂದು ಜೀವ ಇನ್ನೊಂದರಲ್ಲಿ ಲೀನವಾಗುವುದಿಲ್ಲ. ಅವುಗಳಿಗೆ ತವರೆಂಬುದಿಲ್ಲ, ತಲುಪಬೇಕಾದ, ಮುಕ್ತ ಜೀವಗಳ ನೆಲೆಯಾದ ಸಿದ್ಧಶಿಲೆ ಮಾತ್ರ ಇದೆ.