ಖಾಲಿ ಪ್ಯಾಕೆಟ್ಟು ಯಾರದು?

ಕೋಲಾರ ಸೀಮೆಯ ಬುಟ್ಟಿ, ಬಾಟಲಿ, ಕ್ರೇಟುಗಳ ಜೊತೆ ಒಂದು ಕಾನೂನಿನ ಇತಿಹಾಸ

ಅಂಗಡಿಯಿಂದ ಒಂದು ಪ್ಯಾಕೆಟ್ ಬಿಸ್ಕತ್ತು ತಂದಾಗ ನಾವು ಎರಡು ವಸ್ತುಗಳನ್ನು ತಂದಿರುತ್ತೇವೆ. ಒಂದು ಬಿಸ್ಕತ್ತು, ಇನ್ನೊಂದು ಅದರ ಹೊದಿಕೆ. ಬಿಸ್ಕತ್ತಿಗಾಗಿ ಮನೆಯಲ್ಲಿ ಜಗಳವಾದೀತು. ಖಾಲಿ ಹೊದಿಕೆ ನನ್ನದೆಂದು ಯಾರೂ ಜಗಳವಾಡುವುದಿಲ್ಲ. ಹಾಗಾದರೆ ಅದು ಯಾರದು? ತಯಾರಿಸಿದ ಕಂಪನಿಯದೇ, ಮಾರಿದ ಅಂಗಡಿಯದೇ, ತಿಂದವರದೇ, ಬೆಳಿಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕರದೇ? ಈ ಪ್ರಶ್ನೆಗೆ ನಮ್ಮ ದೇಶದ ಕಾನೂನು ಖಚಿತವಾದ ಉತ್ತರ ಕೊಡಲು 1999ರಿಂದ 2022ರವರೆಗೆ ಇಪ್ಪತ್ತಮೂರು ವರ್ಷ ಹಿಡಿಯಿತು.

ಈ ಚರಿತ್ರೆಯನ್ನು ತಿಳಿಯಲು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳು ಒಳ್ಳೆಯ ಪಾಠಶಾಲೆ. ಹಾಲು, ಟೊಮ್ಯಾಟೊ, ಮಾವು, ಹೆಂಚು ಎಲ್ಲವನ್ನೂ ಹೊರಗೆ ಕಳುಹಿಸಿ ಬದುಕುವ ಸೀಮೆ ಇದು. ಕಳುಹಿಸಬೇಕಾದರೆ ಕಟ್ಟಬೇಕು, ತುಂಬಬೇಕು, ಮುಚ್ಚಬೇಕು. ಆದ್ದರಿಂದ ಹೊದಿಕೆಯ ಬದಲಾವಣೆಯೆಲ್ಲವೂ ಇಲ್ಲಿನ ಬೀದಿಗಳಲ್ಲೇ ನಡೆದಿದೆ.

ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಳ್ಳೋಣ. ಅದೇ ವಸ್ತುವನ್ನು ತೊಳೆದು ಮತ್ತೆ ಅದೇ ಕೆಲಸಕ್ಕೆ ಬಳಸುವುದು ಮರುಬಳಕೆ. ವಸ್ತುವನ್ನು ಕರಗಿಸಿಯೋ ಅರೆದೋ ಇನ್ನೊಂದು ವಸ್ತುವನ್ನು ಮಾಡುವುದು ಮರುಸಂಸ್ಕರಣೆ. ಗೋಣಿಚೀಲಕ್ಕೆ ತೇಪೆ ಹಾಕಿ ಮತ್ತೆ ರಾಗಿ ತುಂಬಿದರೆ ಅದು ಮರುಬಳಕೆ. ಹಳೆಯ ಪ್ಲಾಸ್ಟಿಕ್ ಕೊಡವನ್ನು ಕರಗಿಸಿ ಬಕೆಟ್ ಮಾಡಿದರೆ ಅದು ಮರುಸಂಸ್ಕರಣೆ.

ಹುಲ್ಲು, ಬುಟ್ಟಿ, ಗೋಣಿ

ಶ್ರೀನಿವಾಸಪುರದ ಮಾವಿನಹಣ್ಣು ಹಿಂದೆ ಊರು ಬಿಟ್ಟು ಹೋಗುತ್ತಿದ್ದುದು ಭತ್ತದ ಹುಲ್ಲಿನ ಹಾಸಿಗೆಯಲ್ಲಿ. ಬಿದಿರಿನ ಬುಟ್ಟಿಗೋ ಹಲಗೆಯ ಪೆಟ್ಟಿಗೆಗೋ ಹುಲ್ಲು ಹಾಸಿ ಹಣ್ಣು ಜೋಡಿಸುತ್ತಿದ್ದರು. ಮಾಲೂರಿನ ಹೆಂಚಿಗೂ ಹುಲ್ಲೇ ಮೆತ್ತೆ. ಇಳಿಸಿದ ಮೇಲೆ ಆ ಹುಲ್ಲು ದನದ ಬಾಯಿಗೋ ತಿಪ್ಪೆಗೋ ಸೇರುತ್ತಿತ್ತು. ಮುತ್ತುಗದ ಎಲೆ, ಬಾಳೆ ಎಲೆಗಳ ಗತಿಯೂ ಅಷ್ಟೇ. ದವಸಕ್ಕೆ ಗೋಣಿಚೀಲವಿತ್ತು. ಖಾಲಿ ಗೋಣಿಗೂ ಒಂದು ಬೆಲೆಯಿದ್ದುದರಿಂದ ಅದನ್ನು ಯಾರೂ ಬೀದಿಗೆ ಎಸೆಯುತ್ತಿರಲಿಲ್ಲ. ಆಹಾರಧಾನ್ಯ ಮತ್ತು ಸಕ್ಕರೆಯನ್ನು ಸೆಣಬಿನ ಚೀಲದಲ್ಲಿ ತುಂಬುವುದನ್ನು ಕಡ್ಡಾಯಗೊಳಿಸಲು ಕೇಂದ್ರ ಸರ್ಕಾರ 1987ರಲ್ಲಿ ಒಂದು ಕಾಯಿದೆಯನ್ನೇ ತಂದಿತು. ಅದರ ಉದ್ದೇಶ ಸೆಣಬು ಬೆಳೆಗಾರರ ಮತ್ತು ಕಾರ್ಮಿಕರ ರಕ್ಷಣೆ. ಪರಿಸರಕ್ಕೂ ಅದರಿಂದ ಅನುಕೂಲವಾಯಿತು.

ಹಿಂದಿನದೆಲ್ಲವೂ ಚೆನ್ನಾಗಿತ್ತು ಎಂದು ಇದರ ಅರ್ಥವಲ್ಲ. ಹಲಗೆಯ ಪೆಟ್ಟಿಗೆಗೆ ಮರ ಕಡಿಯಬೇಕಾಗಿತ್ತು. ಬಿದಿರಿನ ಬುಟ್ಟಿಯಲ್ಲಿ ತಳದ ಹಣ್ಣು ಜಜ್ಜಿಹೋಗುತ್ತಿತ್ತು. ವೃತ್ತಪತ್ರಿಕೆಯಲ್ಲಿ ಕಟ್ಟಿದ ಬಿಸಿ ಬೋಂಡಾಕ್ಕೆ ಮಸಿ ಅಂಟುತ್ತಿತ್ತು. ತಿಂಡಿಯನ್ನು ಹೀಗೆ ಕಟ್ಟಿಕೊಡಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಎಚ್ಚರಿಕೆ ನೀಡಬೇಕಾಯಿತು.

ಠೇವಣಿಯ ಲೆಕ್ಕ

ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1872ರಲ್ಲಿ ಬಾಟಲಿಯ ಕುತ್ತಿಗೆಯೊಳಗೆ ಗಾಜಿನ ಗೋಲಿಯೊಂದನ್ನು ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುವುದರಿಂದ ಬೇರೆ ಬಿರಡೆ ಬೇಡ. ಅದೇ ನಮ್ಮ ಗೋಲಿಸೋಡಾ. ಆ ಬಾಟಲಿಯನ್ನು ಕೊಂಡವರಿಲ್ಲ. ಅಂಗಡಿಯ ಮುಂದೆ ನಿಂತು ಕುಡಿದು ಅಲ್ಲೇ ಇಟ್ಟು ಹೋಗಬೇಕು. ನಗರದ ಡೈರಿಗಳ ಗಾಜಿನ ಹಾಲಿನ ಬಾಟಲಿಯದೂ ಇದೇ ಕ್ರಮ: ಖಾಲಿ ಬಾಟಲಿ ಕೊಟ್ಟರೆ ತುಂಬಿದ ಬಾಟಲಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಾಟಲಿ ಹಿಂದಿರುಗುತ್ತಿದ್ದುದು ಜನರಿಗೆ ಪರಿಸರದ ಕಾಳಜಿಯಿತ್ತೆಂದಲ್ಲ. ಅದು ಯಾರದೆಂಬುದು ಎಲ್ಲರಿಗೂ ಗೊತ್ತಿತ್ತು, ಹಿಂದಿರುಗಿಸದಿದ್ದರೆ ನಷ್ಟವಿತ್ತು. ಹೊದಿಕೆಗೆ ಒಬ್ಬ ಒಡೆಯನೂ ಹಿಂದಿರುಗುವ ದಾರಿಯೂ ಇದ್ದಷ್ಟು ಕಾಲ ಅದು ಕಸವಾಗಲಿಲ್ಲ.

ಹಾಲಿನ ಕವರು ಬಂದದ್ದು

ಗಾಜಿನ ಬಾಟಲಿಯ ಜಾಗಕ್ಕೆ ಪಾಲಿಥೀನ್ ಕವರು ಬಂದುದಕ್ಕೆ ಬಲವಾದ ಕಾರಣಗಳಿದ್ದವು. ಅರ್ಧ ಲೀಟರ್ ಹಾಲಿನ ಕವರಿನ ತೂಕ ಎರಡು ಮೂರು ಗ್ರಾಂ ಮಾತ್ರ. ಗಾಜಿನ ಬಾಟಲಿ ಅದರ ನೂರು ಪಟ್ಟು ಭಾರ. ಲಾರಿ ಹೊರಬೇಕಾದ ಭಾರ ಇಳಿಯಿತು, ಒಡೆಯುವ ಭಯ ತಪ್ಪಿತು. ಇನ್ನೊಂದು ಕಾರಣ ಕೋಲಾರದವರಿಗೆ ಬೇಗ ಅರ್ಥವಾಗುತ್ತದೆ: ಬಾಟಲಿ ತೊಳೆಯಲು ನೀರು ಬೇಕು. ಹರಿಯುವ ನದಿಯಿಲ್ಲದೆ ಕೆರೆ ಮತ್ತು ಕೊಳವೆ ಬಾವಿಗಳನ್ನೇ ನಂಬಿದ, ಕೊಳವೆ ಬಾವಿಗಳು ಸಾವಿರ ಅಡಿ ದಾಟಿದ ಸೀಮೆಯಲ್ಲಿ ಆ ನೀರಿನ ಲೆಕ್ಕವೂ ಸಣ್ಣದಲ್ಲ. ಆದ್ದರಿಂದ ಮರುಬಳಕೆ ಎಲ್ಲ ಕಡೆಯೂ ಒಂದೇ ರೀತಿ ಲಾಭವೆನ್ನಲಾಗದು. ಎಷ್ಟು ದೂರ ಹೊರಬೇಕು, ಎಷ್ಟು ತೊಳೆಯಬೇಕು ಎಂಬುದನ್ನು ನೋಡಿಯೇ ಹೇಳಬೇಕು.

ಹಾಲಿನ ಕವರು ಒಂದೇ ಜಾತಿಯ ಪ್ಲಾಸ್ಟಿಕ್. ತೊಳೆದು ಒಣಗಿಸಿದ ಕವರುಗಳನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಚಿಪ್ಸ್ ಪ್ಯಾಕೆಟ್ ಹಾಗಲ್ಲ. ಒಂದಕ್ಕೊಂದು ಬೆಸೆದ ಪದರಗಳು, ಒಳಗೆ ಹೊಳೆಯುವ ತೆಳು ಲೋಹದ ಲೇಪ. ಇವನ್ನು ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಗುಜರಿಯವನು ಅದನ್ನು ಮುಟ್ಟುವುದಿಲ್ಲ. ನಾವು ಬೇಡವೆಂದು ಎಸೆದದ್ದು ಕಸವೆನ್ನಿಸಿಕೊಂಡರೆ, ಗುಜರಿಯವನೂ ಬೇಡವೆಂದದ್ದು ಊರಿಗೇ ಉಳಿಯುವ ಕಸ.

ಮೈಕ್ರಾನಿನ ಲೆಕ್ಕ

ಸರ್ಕಾರ ಮೊದಲು ಕೈಹಾಕಿದ್ದು ಕೈಚೀಲಗಳಿಗೆ. 1999ರ ಸೆಪ್ಟೆಂಬರಿನಲ್ಲಿ ಬಂದ ಕೇಂದ್ರದ ನಿಯಮಗಳು ಹೊಸ ಪ್ಲಾಸ್ಟಿಕ್ಕಿನ ಚೀಲ ಕನಿಷ್ಠ 20 ಮೈಕ್ರಾನ್ ದಪ್ಪವಿರಬೇಕೆಂದವು. 2011ರ ನಿಯಮಗಳಲ್ಲಿ ಅದು 40 ಆಯಿತು. 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120.

ಪ್ಲಾಸ್ಟಿಕ್ ಕಡಿಮೆ ಮಾಡಬೇಕೆಂದು ಹೊರಟವರು ಚೀಲವನ್ನು ದಪ್ಪ ಮಾಡಿದ್ದು ಏಕೆ? ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ. ಮೂವತ್ತು ಸೆಂಟಿಮೀಟರ್ ಉದ್ದ, ಇಪ್ಪತ್ತು ಸೆಂಟಿಮೀಟರ್ ಅಗಲದ ಚೀಲವೆಂದುಕೊಳ್ಳಿ. ಎರಡೂ ಮಗ್ಗುಲು ಸೇರಿ 1,200 ಚದರ ಸೆಂಟಿಮೀಟರ್. ದಪ್ಪ 20 ಮೈಕ್ರಾನ್, ಅಂದರೆ 0.002 ಸೆಂಟಿಮೀಟರ್ ಇದ್ದರೆ ಅದರ ತೂಕ ಸುಮಾರು 2.2 ಗ್ರಾಂ. ಒಂದು ಕಿಲೋ ಆಗಲು ಚಿಂದಿ ಆಯುವವರು ಸುಮಾರು 450 ಬಾರಿ ಬಗ್ಗಬೇಕು. ಅದೇ ಚೀಲ 120 ಮೈಕ್ರಾನ್ ಇದ್ದರೆ 75 ಬಾರಿ ಬಗ್ಗಿದರೆ ಸಾಕು. ದಪ್ಪ ಚೀಲ ಆಯ್ದವರ ಶ್ರಮಕ್ಕೆ ಬೆಲೆ ಕೊಡುತ್ತದೆ. ಅದರ ಬೆಲೆಯೂ ಹೆಚ್ಚಾಗುವುದರಿಂದ ಅಂಗಡಿಯವರು ಅದನ್ನು ಪುಕ್ಕಟೆ ಹಂಚುವ ಮುನ್ನ ಯೋಚಿಸುತ್ತಾರೆ.

ಕರ್ನಾಟಕ ಸರ್ಕಾರ ಇನ್ನೂ ಮುಂದೆ ಹೋಗಿ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬ್ಯಾನರುಗಳನ್ನು ಎಷ್ಟೇ ದಪ್ಪವಿದ್ದರೂ ನಿಷೇಧಿಸಿತು. ಹಾಲಿನ ಕವರಿಗೆ ವಿನಾಯಿತಿ ಕೊಟ್ಟಿತು. ದೇಶದಾದ್ಯಂತ ಸ್ಟ್ರಾ, ಚಮಚ, ತಟ್ಟೆ, ಲೋಟ ಮುಂತಾದ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂದಿತು.

ಕೆರೆಯ ತೂಬು, ಹಸುವಿನ ಹೊಟ್ಟೆ

ಪಾಲಿಥೀನ್ ನೀರಿಗಿಂತ ಹಗುರ. ಮಳೆ ಬಂದಾಗ ರಾಜಕಾಲುವೆಯಲ್ಲಿ ತೇಲಿ ಬಂದು ಕೆರೆಯ ತೂಬಿಗೆ ಕಟ್ಟಿಕೊಳ್ಳುತ್ತದೆ. ಒಂದೊಂದು ಕೆರೆಯ ನೀರನ್ನೂ ಲೆಕ್ಕ ಹಾಕಿ ಬದುಕುವ ಜಿಲ್ಲೆಗೆ ಇದು ಸಣ್ಣ ತೊಂದರೆಯಲ್ಲ.

ಇದಕ್ಕಿಂತ ದಾರುಣವಾದದ್ದು ಹಸುಗಳ ಪಾಡು. ಗಂಟು ಕಟ್ಟಿ ಎಸೆದ ಅನ್ನವನ್ನು ಹಸು ಕವರಿನ ಸಮೇತ ನುಂಗುತ್ತದೆ. ಅನ್ನ ಕರಗುತ್ತದೆ, ಕವರು ಉಳಿಯುತ್ತದೆ. ವರ್ಷಗಟ್ಟಲೆ ಸೇರಿದ ಪ್ಲಾಸ್ಟಿಕ್ ಗಟ್ಟಿ ಉಂಡೆಯಾಗಿ ಹೊಟ್ಟೆಯನ್ನೇ ಆಕ್ರಮಿಸುತ್ತದೆ. ನಮ್ಮ ಗಡಿಯಾಚೆ ಆಂಧ್ರದ ಪುಟ್ಟಪರ್ತಿಯಲ್ಲಿರುವ ಕರುಣಾ ಸೊಸೈಟಿ ಎಂಬ ಪ್ರಾಣಿದಯಾ ಸಂಸ್ಥೆ ಹಸುಗಳ ಹೊಟ್ಟೆಯಿಂದ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಪ್ಲಾಸ್ಟಿಕ್ಕನ್ನು ಕಂಡು 2012ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ‘ದಿ ಪ್ಲಾಸ್ಟಿಕ್ ಕೌ’ ಎಂಬ ಸಾಕ್ಷ್ಯಚಿತ್ರ ಈ ವಿಷಯವನ್ನು ದೇಶಕ್ಕೆ ತೋರಿಸಿತು. ಹಾಲನ್ನು ಪ್ಲಾಸ್ಟಿಕ್ಕಿನಲ್ಲಿ ತುಂಬಿ ಕಳುಹಿಸುವ ಸೀಮೆಯಲ್ಲಿ ಹಾಲು ಕೊಡುವ ಪ್ರಾಣಿಯೇ ಪ್ಲಾಸ್ಟಿಕ್ ನುಂಗಿ ಸಾಯಬಾರದಲ್ಲವೇ?

ಲಾಭ ಒಬ್ಬರದು, ಗುಡ್ಡ ಊರಿನದು

ದಪ್ಪ ಹೆಚ್ಚಿಸುವುದು, ನಿಷೇಧಿಸುವುದು ಎರಡೂ ಒಂದು ಮಿತಿಯವರೆಗೆ ಮಾತ್ರ ಸಾಗುತ್ತವೆ. ಎಸೆದ ಮೇಲೆ ಎತ್ತುವ ಖರ್ಚು ನಗರಸಭೆಯದಾದರೆ ಹೊದಿಕೆ ತಯಾರಿಸುವವರು ಅದನ್ನು ಬದಲಿಸುವುದೇಕೆ? ಈ ಮಾತು ಕೋಲಾರಕ್ಕೆ ಹೊಸದಲ್ಲ. ಕೆ.ಜಿ.ಎಫ್. ಗಣಿಗಳಿಂದ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಮೂರು ಕೋಟಿ ಟನ್ನಿಗೂ ಹೆಚ್ಚಿನ ಸೈನೈಡ್ ಗುಡ್ಡಗಳ ಮಣ್ಣು ಊರಿಗೆ ಉಳಿಯಿತು. ಬೇಸಿಗೆಯ ಗಾಳಿಗೆ ಏಳುವ ಅದರ ಧೂಳನ್ನು ಕುಡಿದವರು ಅಲ್ಲಿಯ ನಿವಾಸಿಗಳು. ವಸ್ತುವಿನ ಬೆಲೆಯಲ್ಲಿ ಅದರ ಕಸದ ಖರ್ಚು ಸೇರದಿದ್ದರೆ ಆ ಖರ್ಚನ್ನು ಬೇರೆ ಯಾರೋ ತೆರುತ್ತಾರೆ.

ಈ ತಿಳಿವಳಿಕೆಯನ್ನು ಹೊದಿಕೆಗೆ ಅನ್ವಯಿಸಿದ ಮೊದಲ ದೊಡ್ಡ ಕಾನೂನು ಜರ್ಮನಿಯದು. 1991ರಲ್ಲಿ ಆ ದೇಶ ಹೊದಿಕೆಯನ್ನು ಹಿಂದೆ ಪಡೆಯುವ ಹೊಣೆಯನ್ನು ತಯಾರಕರು ಮತ್ತು ಮಾರಾಟಗಾರರ ಮೇಲೆ ಹೊರಿಸಿತು. ಯೂರೋಪಿನ ಒಕ್ಕೂಟ 1994ರಲ್ಲಿ ಅದೇ ಹಾದಿ ಹಿಡಿಯಿತು. ಅದರ ಹೊಸ ಹೊದಿಕೆ ನಿಯಮ 2025ರ ಫೆಬ್ರವರಿಯಲ್ಲಿ ಊರ್ಜಿತವಾಯಿತು.

ನಮ್ಮಲ್ಲಿ ‘ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ’ ಎಂಬ ಮಾತು 2011ರ ಮತ್ತು 2016ರ ನಿಯಮಗಳಲ್ಲಿಯೇ ಇತ್ತು. ಅದಕ್ಕೆ ಅಂಕಿಗಳು ಬಂದದ್ದು 2022ರ ಫೆಬ್ರವರಿ 16ರ ಮಾರ್ಗಸೂಚಿಗಳಿಂದ. ಪ್ಲಾಸ್ಟಿಕ್ ಹೊದಿಕೆಯನ್ನು ತಯಾರಿಸುವ, ಆಮದು ಮಾಡುವ, ತಮ್ಮ ಹೆಸರಿನಲ್ಲಿ ಬಳಸುವ ಕಂಪನಿಗಳು 2023-24ರ ಹೊತ್ತಿಗೆ ತಾವು ಮಾರುಕಟ್ಟೆಗೆ ಬಿಟ್ಟಷ್ಟಕ್ಕೂ ಹೊಣೆಯಾಗಬೇಕೆಂದು ಅವು ವಿಧಿಸಿದವು. ಮರುಬಳಕೆಗೂ ಗುರಿ ಇಟ್ಟವು: 4.9 ಲೀಟರು ಮತ್ತು ಅದಕ್ಕಿಂತ ದೊಡ್ಡ ಗಟ್ಟಿ ಪ್ಲಾಸ್ಟಿಕ್ ಡಬ್ಬಗಳಲ್ಲಿ 2025-26ರಲ್ಲಿ ಶೇ. 70, 0.9ರಿಂದ 4.9 ಲೀಟರಿನೊಳಗಿನವುಗಳಲ್ಲಿ ಶೇ. 10.

ಕಾನೂನು ಬಂದೊಡನೆ ಕಳ್ಳದಾರಿಯೂ ಹುಟ್ಟಿತು. ಪ್ಲಾಸ್ಟಿಕ್ ಮರುಸಂಸ್ಕರಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ, ಕಂಪನಿಗಳು ಅದನ್ನು ಕೊಂಡು ತಮ್ಮ ಲೆಕ್ಕ ತೋರಿಸಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2023ರಲ್ಲಿ ತಪಾಸಣೆ ಮಾಡಿದಾಗ ಲಕ್ಷಗಟ್ಟಲೆ ಸುಳ್ಳು ಪ್ರಮಾಣಪತ್ರಗಳು ಸಿಕ್ಕಿದವು. ಕಾಗದದ ಮೇಲೆ ಕರಗಿದ ಪ್ಲಾಸ್ಟಿಕ್ ಕೆರೆಯಲ್ಲಿ ಹಾಗೆಯೇ ಇರುತ್ತದೆ.

ಕ್ರೇಟಿನ ಪಾಠ

ಹಾಗಾದರೆ ಸಾಧ್ಯವಾಗುವ ದಾರಿ ಯಾವುದು? ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣದಲ್ಲೋ ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆಯಲ್ಲೋ ಒಂದು ಬೆಳಿಗ್ಗೆ ನಿಂತು ನೋಡಿ. ಟೊಮ್ಯಾಟೊ ಬರುವುದು ಪ್ಲಾಸ್ಟಿಕ್ ಕ್ರೇಟುಗಳಲ್ಲಿ. ಕೋಲಾರದಲ್ಲಿ ಹರಾಜು ಕೂಗುವುದೇ ಹದಿನೈದು ಕಿಲೋ ಬಾಕ್ಸಿನ ಲೆಕ್ಕದಲ್ಲಿ. ಕ್ರೇಟಿನ ಮೇಲೆ ಮಂಡಿಯವರ ಹೆಸರು ಅಚ್ಚಾಗಿರುತ್ತದೆ. ಖಾಲಿ ಕ್ರೇಟು ತೋಟಕ್ಕೆ ಹೋಗುತ್ತದೆ, ತುಂಬಿ ಮಂಡಿಗೆ ಬರುತ್ತದೆ. ಅದೂ ಪ್ಲಾಸ್ಟಿಕ್ಕೇ. ಆದರೂ ಚರಂಡಿಯಲ್ಲಿ ಕ್ರೇಟು ಬಿದ್ದಿರುವುದನ್ನು ನೀವು ಕಂಡಿರಲಾರಿರಿ. ಅದರ ಮೇಲೆ ಒಡೆಯನ ಹೆಸರಿದೆ, ಅದಕ್ಕೆ ಬೆಲೆಯಿದೆ, ಹಿಂದಿರುಗಲು ದಾರಿಯಿದೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಶುದ್ಧ ನೀರಿನ ಘಟಕಕ್ಕೆ ಹೋಗುವವರು ಮಾಡುತ್ತಿರುವುದೂ ಇದನ್ನೇ.

ನೆರೆಯ ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ ಮದ್ಯದ ಬಾಟಲಿಗಳು ಕಾಡಿನಲ್ಲಿ ಒಡೆದು ಪ್ರಾಣಿಗಳ ಕಾಲು ಸೀಳುತ್ತಿದ್ದಾಗ ಮದ್ರಾಸ್ ಹೈಕೋರ್ಟ್ ಮಧ್ಯೆ ಬಂದಿತು. 2022ರಲ್ಲಿ ಸರ್ಕಾರಿ ಮಳಿಗೆಗಳು ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಹಿಂದಿರುಗಿಸತೊಡಗಿದವು. ಬಹುಪಾಲು ಬಾಟಲಿಗಳು ಮರಳಿ ಬಂದವು. ಗೋಲಿಸೋಡಾ ಅಂಗಡಿಯ ಹಳೆಯ ಲೆಕ್ಕವೇ ಮತ್ತೆ ನಿಯಮವಾಗಿ ಬಂದಂತಾಯಿತು.

ಕಾನೂನಿನ ಇತಿಹಾಸದಿಂದ ನಾವು ಕಲಿಯಬೇಕಾದದ್ದು ಇಷ್ಟೇ. ಪ್ಲಾಸ್ಟಿಕ್ಕಾಗಲಿ ಗಾಜಾಗಲಿ, ಹೊದಿಕೆಯ ಮೇಲೆ ಹೊಣೆಗಾರನ ಹೆಸರೂ ಅದು ಹಿಂದಿರುಗುವ ದಾರಿಯೂ ಇರಬೇಕು. ಕಂಪನಿಗೆ ಅದು ಕಾನೂನಿನ ಕರ್ತವ್ಯ, ನಗರಸಭೆಗೆ ಅದು ಸಂಗ್ರಹದ ಕೆಲಸ. ತೊಳೆದು, ಒಣಗಿಸಿ, ಬೇರ್ಪಡಿಸಿ ಕೊಡುವ ಮೊದಲ ಹೆಜ್ಜೆ ಮನೆಯದು. ಅದನ್ನು ಬೇರೆ ಯಾರೂ ನಮ್ಮ ಪರವಾಗಿ ಇಡಲಾರರು.

ನೀವೇ ಮಾಡಿ ನೋಡಿ

1. ಒಂದು ವಾರ ಮನೆಗೆ ಬಂದ ಹೊದಿಕೆಗಳನ್ನೆಲ್ಲ ಕೂಡಿಡಿ. ಗುಜರಿ ಅಂಗಡಿಯವರು ಕೊಳ್ಳುವುದು, ಕೊಳ್ಳದೇ ಇರುವುದು ಎಂದು ಎರಡು ರಾಶಿ ಮಾಡಿ ತೂಗಿರಿ.

2. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರುವಂತೆ ಬಿಡಿ. ಕತ್ತರಿಸಿದ ಚೂರು ಯಾರ ಕೈಗೂ ಸಿಗದೆ ನೇರವಾಗಿ ಮಣ್ಣು ಸೇರುತ್ತದೆ.

3. ನಿಮ್ಮ ಊರಿನ ಹಿರಿಯರನ್ನು ಕೇಳಿ, ಎಣ್ಣೆ, ಬೆಲ್ಲ, ಹಾಲು, ಮಾವು ಹಿಂದೆ ಯಾವುದರಲ್ಲಿ ಬರುತ್ತಿದ್ದವು, ಖಾಲಿಯಾದ ಮೇಲೆ ಅದು ಎಲ್ಲಿಗೆ ಹೋಗುತ್ತಿತ್ತು ಎಂದು ಬರೆದಿಡಿ.