ದೇಶಭ್ರಷ್ಟ ಸರ್ಕೇಶಿಯನರ ರಾಜಕೀಯ ಬೇಡಿಕೆಗಳು

ಕಾಕಸಸ್ ಪರ್ವತಗಳ ವಾಯವ್ಯ ಭಾಗದಲ್ಲಿ, ಕಪ್ಪುಸಮುದ್ರದ ತೀರದವರೆಗೆ ಹಬ್ಬಿದ್ದ ಸರ್ಕೇಶಿಯವು ದೀರ್ಘ ಯುದ್ಧದ ತರುವಾಯ 1864ರಲ್ಲಿ ರಷ್ಯದ ವಶವಾಯಿತು. ಅಲ್ಲಿನ ಜನರಲ್ಲಿ ಬಹುಪಾಲು ಮಂದಿ ಹತರಾದರು, ಇಲ್ಲವೆ ಆಟೊಮನ್ ಸಾಮ್ರಾಜ್ಯಕ್ಕೆ ಅಟ್ಟಲ್ಪಟ್ಟರು. ಅವರ ಸಂತತಿಯವರು ಇಂದು ತುರ್ಕಿ, ಜೋರ್ಡಾನ್, ಸಿರಿಯ ಮೊದಲಾದ ದೇಶಗಳಲ್ಲಿ ನೆಲೆಸಿದ್ದಾರೆ. ನೆಲವನ್ನು ಕಳೆದುಕೊಂಡ ಈ ಜನರ ಬೇಡಿಕೆಗಳು ಯಾರ ಆಶ್ರಯದಲ್ಲಿ ಬೆಳೆದುವೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಮೊದಲ ಬೇಡಿಕೆ ಸ್ವಾತಂತ್ರ್ಯದ್ದು. ಕ್ರಿಮಿಯ ಯುದ್ಧವನ್ನು ಮುಗಿಸಿದ 1856ರ ಪ್ಯಾರಿಸ್ ಒಪ್ಪಂದವು ಅದನ್ನು ಮಾನ್ಯಮಾಡಿರಲಿಲ್ಲ. 1862ರಲ್ಲಿ ಸರ್ಕೇಶಿಯನ್ ನಿಯೋಗವೊಂದು ನೆರವನ್ನರಸಿ ಲಂಡನ್ನಿಗೆ ಹೋಯಿತು; ಜನರ ಸಹಾನುಭೂತಿ ದೊರೆಯಿತೇ ಹೊರತು ಸರ್ಕಾರದ ಸಹಾಯ ದೊರೆಯಲಿಲ್ಲ. ದೇಶಭ್ರಷ್ಟರಾದ ಮೇಲೆ ಅವರ ಗಮನ ಭಾಷೆ ಹಾಗೂ ವಿದ್ಯಾಭ್ಯಾಸದ ಕಡೆಗೆ ತಿರುಗಿತು. 1908ರಲ್ಲಿ ಇಸ್ತಾಂಬುಲ್ಲಿನಲ್ಲಿ ಸ್ಥಾಪಿತವಾದ ಅವರ ಸಂಘವು 1911ರಿಂದ 'ಗುವಾಜೆ' ಎಂಬ ಪತ್ರಿಕೆಯನ್ನು ಹೊರಡಿಸಿತು.

1991ರಲ್ಲಿ ನಾಲ್ಚಿಕ್ ನಗರದಲ್ಲಿ ಅಂತರರಾಷ್ಟ್ರೀಯ ಸರ್ಕೇಶಿಯನ್ ಸಂಘವು ಹುಟ್ಟಿತು. ಆ ಬಳಿಕ ಎರಡು ಬೇಡಿಕೆಗಳು ಮುಂದೆ ಬಂದುವು: ಹಿಂದಿನ ಸಂಹಾರವನ್ನು ಜನಾಂಗಹತ್ಯೆಯೆಂದು ಒಪ್ಪಬೇಕು, ತಾಯ್ನಾಡಿಗೆ ಮರಳುವ ಹಕ್ಕು ಬೇಕು. ಪೂರ್ಣ ಸ್ವಾತಂತ್ರ್ಯವನ್ನು ಕೇಳುವವರೂ ಇದ್ದಾರೆ. ರಷ್ಯದೊಳಗೇ ಒಂದು ಏಕೀಕೃತ ಗಣರಾಜ್ಯ ಸಾಕೆನ್ನುವವರೂ ಇದ್ದಾರೆ.

ಮೊದಲನೆಯ ಬೇಡಿಕೆಯನ್ನು ಜಾರ್ಜಿಯದ ಸಂಸತ್ತು 2011ರಲ್ಲಿಯೂ ಯುಕ್ರೇನಿನ ಸಂಸತ್ತು 2025ರಲ್ಲಿಯೂ ಮನ್ನಿಸಿದುವು. ಎರಡೂ ರಷ್ಯದೊಡನೆ ಯುದ್ಧ ಕಂಡ ದೇಶಗಳೆಂಬುದನ್ನು ನಾವು ಮರೆಯಲಾಗದು. ರಷ್ಯವಾದರೋ ಇದನ್ನು ಒಪ್ಪಿಲ್ಲ. ಆದರೆ 1998ರಲ್ಲಿ ಕೊಸೊವೊದ ಸರ್ಕೇಶಿಯನರಲ್ಲಿ ಹಲವರು ಅದಿಗೇಯಕ್ಕೆ ಮರಳಿದುದು ರಷ್ಯ ಸರ್ಕಾರದ ಸಮ್ಮತಿಯಿಂದಲೇ. ಮಾನ್ಯತೆಯನ್ನು ರಷ್ಯದ ಎದುರಾಳಿಗಳು ಕೊಡಬಲ್ಲರು. ಮನೆಯ ಬಾಗಿಲನ್ನು ತೆರೆಯಬಲ್ಲುದು ರಷ್ಯವೊಂದೇ. ದೇಶಭ್ರಷ್ಟರ ರಾಜಕಾರಣದ ನಿಜವಾದ ಇಕ್ಕಟ್ಟು ಇದೇ ಎಂದು ನಮ್ಮ ಅಭಿಪ್ರಾಯ.